‘ಈಗ ಎಂಥ ಆಯ್ತೇ?’: ಕಣ್ಣು ಕಾಣದವರ ವಿಡಿಯೋ ಮತ್ತು ಕನ್ನಡದ ಧ್ವನಿ ವಿವರಣೆ

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಮಳೆಗಾಲದ ಸಂಜೆ, ಕರೆಂಟು ಇದ್ದರೆ, ಏಳು ಗಂಟೆಗೆ ಟೀವಿ ಹಾಕುತ್ತಾರೆ. ದೊಡ್ಡಪ್ಪ ಆರಾಮಕುರ್ಚಿಯಲ್ಲಿ ಕೂರುತ್ತಾರೆ. ದೊಡ್ಡಮ್ಮ ಕೆಳಗೆ ಕೂತು ಹೂಬತ್ತಿ ಹೊಸೆಯುತ್ತಾರೆ. ಮೊಮ್ಮಗಳು ಗೋಡೆಗೊರಗಿ ಅರ್ಧ ಟೀವಿ, ಅರ್ಧ ಮೊಬೈಲು. ಗ್ಲಾಕೋಮಾದಿಂದ ದೊಡ್ಡಪ್ಪನ ದೃಷ್ಟಿ ಹೋಗಿ ಒಂಬತ್ತು ವರ್ಷವಾಯಿತು. ಧಾರಾವಾಹಿಯ ಮಾತುಕತೆಯನ್ನು ಅವರು ಒಂದಕ್ಷರ ಬಿಡದೆ ಹಿಂಬಾಲಿಸುತ್ತಾರೆ. ಇದ್ದಕ್ಕಿದ್ದಂತೆ ಮಾತು ನಿಲ್ಲುತ್ತದೆ. ವಾದ್ಯ ಮೂರು ಸಲ ಜೋರಾಗಿ ಬಡಿಯುತ್ತದೆ. ದೊಡ್ಡಮ್ಮ ‘ಅಯ್ಯೋ ದೇವ್ರೇ’ ಅನ್ನುತ್ತಾರೆ.

‘ಈಗ ಎಂಥ ಆಯ್ತೇ ಪುಟ್ಟಿ?’

‘ತಡಿ ಅಜ್ಜ, ಆಮೇಲೆ ಹೇಳ್ತೀನಿ.’

ಆಮೇಲೆ ಜಾಹೀರಾತು ಬರುತ್ತದೆ, ಊಟಕ್ಕೆ ಎಲೆ ಹಾಕುತ್ತಾರೆ, ಆ ‘ಆಮೇಲೆ’ ಮಾತ್ರ ಬರುವುದಿಲ್ಲ. ಹುಡುಗಿಯ ತಪ್ಪೇನೂ ಇಲ್ಲ. ಅವಳು ಹೇಳಲು ಬಾಯಿ ತೆರೆದರೆ ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ. ದೊಡ್ಡಪ್ಪ ಈಚೆಗೆ ಕೇಳುವುದನ್ನೇ ಕಡಿಮೆ ಮಾಡಿದ್ದಾರೆ. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಅದೇ. ಕಾಣದಿರುವುದನ್ನು ಅವರು ಒಗ್ಗಿಸಿಕೊಂಡರು. ಪದೇ ಪದೇ ಕೇಳಬೇಕಲ್ಲ ಎಂಬ ಸಂಕೋಚ ಅವರನ್ನು ಮನೆಮಂದಿಯ ನಡುವೆಯೇ ಒಂಟಿ ಮಾಡುತ್ತಿದೆ.

ಆ ಹುಡುಗಿ ಹೇಳಬೇಕಾಗಿದ್ದ ಮಾತನ್ನು ವಿಡಿಯೋದೊಳಗೇ ಇಟ್ಟುಬಿಡುವ ಕ್ರಮಕ್ಕೆ ಆಡಿಯೋ ಡಿಸ್ಕ್ರಿಪ್ಷನ್, ಅಂದರೆ ಧ್ವನಿ ವಿವರಣೆ, ಎಂದು ಹೆಸರು. ಪಾತ್ರಗಳ ಮಾತಿನ ನಡುವೆ ಬಿಡುವು ಸಿಕ್ಕಲ್ಲಿ ಒಬ್ಬರು ಕಾಣುವುದನ್ನು ನಾಲ್ಕೈದು ಪದಗಳಲ್ಲಿ ಹೇಳುತ್ತಾರೆ: ಯಾರು ಬಂದರು, ಕೈಯಲ್ಲೇನಿದೆ, ಮುಖ ಹೇಗಾಯಿತು, ಪರದೆಯ ಮೇಲೆ ಏನು ಬರೆದಿದೆ. ಇದು ಬೇರೆಯೇ ಒಂದು ಧ್ವನಿಪಥದಲ್ಲಿ ಇರುತ್ತದೆ. ಬೇಕಾದವರು ಹಾಕಿಕೊಳ್ಳುತ್ತಾರೆ, ಬೇಡವಾದವರಿಗೆ ಅದು ಇದೆಯೆಂದೇ ತಿಳಿಯುವುದಿಲ್ಲ. ಐಚ್ಛಿಕ ಎಂಬ ಈ ಗುಣ ಮುಖ್ಯ. ಕಾಣುವವರಿಗೆ ಕಿರಿಕಿರಿಯಾಗುತ್ತದೆ ಎಂಬ ಆಕ್ಷೇಪಕ್ಕೆ ಅಲ್ಲಿ ಜಾಗವೇ ಇಲ್ಲ.

ಅಮೆರಿಕದಲ್ಲಿ 1981ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ ನಾಟಕಗಳಿಗೆ ಹೀಗೆ ವಿವರಣೆ ಕೊಡತೊಡಗಿದರು, 1990ರ ಹೊತ್ತಿಗೆ ಅದು ಅಲ್ಲಿನ ಸಾರ್ವಜನಿಕ ಟೀವಿಗೆ ಬಂತು. 2015ರಲ್ಲಿ ನೆಟ್‌ಫ್ಲಿಕ್ಸ್ ‘ಡೇರ್‌ಡೆವಿಲ್’ ಸರಣಿ ತಂದಾಗ ಅದರ ನಾಯಕನೇ ಕಣ್ಣು ಕಾಣದವನು, ಆದರೆ ಕಣ್ಣು ಕಾಣದ ಪ್ರೇಕ್ಷಕರಿಗೆ ಅದನ್ನು ಅನುಸರಿಸುವ ದಾರಿ ಇರಲಿಲ್ಲ. ಅವರು ದನಿಯೆತ್ತಿದ ಮೇಲೆ ಕಂಪನಿ ಕೆಲವೇ ದಿನಗಳಲ್ಲಿ ವಿವರಣೆ ಸೇರಿಸಿತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು ವಿದ್ಯುನ್ಮಾನ ಮಾಧ್ಯಮದಲ್ಲಿ ಧ್ವನಿ ವಿವರಣೆ, ಸಂಜ್ಞಾಭಾಷೆ, ಶೀರ್ಷಿಕೆಗಳನ್ನು ಹೆಸರಿಸಿಯೇ ಹೇಳುತ್ತದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟು ‘ಪಠಾಣ್’ ಚಿತ್ರದ ಓಟಿಟಿ ಬಿಡುಗಡೆಗೆ ಧ್ವನಿ ವಿವರಣೆ ಸಿದ್ಧಪಡಿಸಿ ಎಂದು ನಿರ್ಮಾಪಕರಿಗೆ ಸೂಚಿಸಿತು. 2024ರ ಮಾರ್ಚಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಲ್ಲಿ ತೋರಿಸುವ ಚಿತ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ 6 ತಿಂಗಳು, ಉಳಿದವಕ್ಕೆ 2 ವರ್ಷ ಗಡುವು. ರಾಷ್ಟ್ರೀಯ ಪ್ರಶಸ್ತಿಗೆ ಕಳಿಸುವ ಚಿತ್ರಗಳಿಗೆ 2025ರ ಜನವರಿ 1ರಿಂದಲೇ ಕಡ್ಡಾಯ. ಅದೇ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರಾತುರಿ ಪ್ರಕರಣದಲ್ಲಿ, ವಿಕಲಚೇತನರಿಗೆ ಬೇಕಾದ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯೆಂಬಂತೆ ನೋಡುವ ಹಾಗಿಲ್ಲ, ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ನಿಯಮಗಳಿರಬೇಕು ಎಂದಿತು.

ಇವೆಲ್ಲ ದೊಡ್ಡ ಹೆಜ್ಜೆಗಳು. ಹೋರಾಡಿ ಇವನ್ನು ಗಳಿಸಿಕೊಟ್ಟವರಿಗೆ ನಾನು ಋಣಿ. ಆದರೆ ದೊಡ್ಡಪ್ಪ ಚಿತ್ರಮಂದಿರಕ್ಕೆ ಹೋಗಿ ಇಪ್ಪತ್ತು ವರ್ಷವಾಗಿದೆ. ಅವರ ಊರಿನಿಂದ ಶಿವಮೊಗ್ಗಕ್ಕೆ ಹೋಗಿ ಸಿನಿಮಾ ನೋಡಿ ರಾತ್ರಿ ತಿರುಗಿ ಬರಲು ಬಸ್ಸೇ ಇಲ್ಲ. ಮಲೆನಾಡಿನಲ್ಲಿ ಕಣ್ಣು ಕಾಣದ ಒಬ್ಬರ ದಿನದಲ್ಲಿ ವಿಡಿಯೋ ಅನ್ನುವುದು ಎಲ್ಲೆಲ್ಲಿ ಬರುತ್ತದೆ? ಮನೆಯ ಟೀವಿಯ ಧಾರಾವಾಹಿ, ವಾಟ್ಸಾಪಿಗೆ ಬರುವ ತುಣುಕು, ಯೂಟ್ಯೂಬಿನ ಕೃಷಿ ಚಾನೆಲು, ಮಕ್ಕಳ ಪಾಠ, ಇಲಾಖೆಯ ಪ್ರಕಟಣೆ. ಚಿತ್ರಮಂದಿರದ ಮಾರ್ಗಸೂಚಿ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ದೃಷ್ಟಿದೋಷವಿದೆ ಎಂದು ದಾಖಲಾದವರು ಸುಮಾರು 2 ಲಕ್ಷ 64 ಸಾವಿರ ಮಂದಿ. ಅವರಲ್ಲಿ ಚಿತ್ರಮಂದಿರದ ಹೊಸ್ತಿಲಿಗೆ ಬರುವವರಿಗಿಂತ ಮೊಬೈಲು ಕಿವಿಗೆ ಹಿಡಿಯುವವರು ಎಷ್ಟೋ ಪಾಲು ಹೆಚ್ಚಿರುತ್ತಾರೆ. ಕನ್ನಡದಲ್ಲಿ ಈ ಕೆಲಸ ಮೊದಲು ಆಗಬೇಕಾದದ್ದು ಮೊಬೈಲಿನಲ್ಲಿ ನೋಡುವ ದಿನಬಳಕೆಯ ವಿಡಿಯೋಗಳಲ್ಲಿ ಎಂಬುದು ನನ್ನ ವಾದ.

ಅಡಿಕೆಯದನ್ನೇ ತೆಗೆದುಕೊಳ್ಳಿ. ದೊಡ್ಡಪ್ಪ ಕಣ್ಣು ಹೋದ ಮೇಲೂ ತೋಟ ಬಿಟ್ಟಿಲ್ಲ. ಮಗನ ಹೆಗಲ ಮೇಲೆ ಕೈಯಿಟ್ಟು ಸಂಕ ದಾಟಿ ಹೋಗುತ್ತಾರೆ, ಕಾಲಿಗೆ ಸಿಕ್ಕ ಉದುರು ಕಾಯನ್ನು ಎತ್ತಿ ಮೂಸಿ ಕೊಳೆ ಬಂದಿದೆಯೋ ಇಲ್ಲವೋ ಹೇಳುತ್ತಾರೆ. ಈಗ ಎಲೆಚುಕ್ಕೆ ರೋಗದ ಕಾಲ. ಅದರ ಬಗ್ಗೆ ಕನ್ನಡದಲ್ಲಿ ವಿಡಿಯೋಗಳಿಗೆ ಬರವಿಲ್ಲ, ದೊಡ್ಡಪ್ಪ ಸಾಲಾಗಿ ಕೇಳುತ್ತಾರೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ವಾಕ್ಯ ಒಂದೇ: ‘ಇಲ್ಲಿ ನೋಡಿ, ಎಲೆ ಮೇಲೆ ಹೀಗೆ ಆಗಿರುತ್ತೆ. ಈ ಥರ ಇದ್ದರೆ ಶುರುವಾಗಿದೆ ಅಂತ ಅರ್ಥ.’ ಹೀಗೆ ಅಂದರೆ ಹೇಗೆ? ‘ಹಳದಿ ಅಂಚಿನ ಕಂದು ಚುಕ್ಕೆ’ ಎಂದು ನಾಲ್ಕು ಪದ ಹೇಳಿದ್ದರೆ ಸಾಕಿತ್ತು. ತೋಟದಲ್ಲಿ ಮಗನಿಗೆ ‘ಹಳದಿ ಅಂಚು ಇದೆಯಾ ನೋಡು’ ಎಂದು ಕೇಳಲು ದೊಡ್ಡಪ್ಪನಿಗೆ ಬೇಕಾದದ್ದು ಅಷ್ಟೇ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ವಿಡಿಯೋ ಇನ್ನೂ ಸೂಕ್ಷ್ಮ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇಷ್ಟು ಬಾಯಲ್ಲಿ ಹೇಳುತ್ತಾರೆ. ಹದ ನೋಡುವಾಗ ಮಾತ್ರ ಬಾಯಿ ಮುಚ್ಚುತ್ತದೆ. ಚಾಕು ಅದ್ದಿ ಮೇಲೆತ್ತಿ ‘ನೋಡಿ, ಹೀಗಾದರೆ ಸರಿಯಿಲ್ಲ’ ಅನ್ನುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ತಾಮ್ರ ಹೆಚ್ಚಾಗಿದೆ, ಇನ್ನೂ ಸುಣ್ಣ ಬೇಕು ಎಂಬುದು ಅದರ ಅರ್ಥ. ನಲವತ್ತು ಮಳೆಗಾಲ ಔಷಧಿ ಹೊಡೆಸಿದ ದೊಡ್ಡಪ್ಪನಿಗೆ ಅದು ಗೊತ್ತು. ಹೊಸದಾಗಿ ತೋಟಕ್ಕಿಳಿದ, ದೃಷ್ಟಿ ಮಂದವಾದ ಒಬ್ಬರಿಗೆ ಗೊತ್ತಾಗುವುದು ಹೇಗೆ?

ಇಂಥ ವಿಡಿಯೋಗೆ ಬೇರೆ ಧ್ವನಿಪಥವೇ ಬೇಕಿಲ್ಲ. ತೋರಿಸುವುದನ್ನು ಬಾಯಲ್ಲೂ ಹೇಳುವ ಅಭ್ಯಾಸ ಇದ್ದರೆ ಮುಗಿಯಿತು. ಧ್ವನಿ ವಿವರಣೆಯ ಅರ್ಧ ಕೆಲಸ ಹೀಗೆ ಕಾಸು ಖರ್ಚಿಲ್ಲದೆ ಆಗುವಂಥದ್ದು, ಆದರೂ ಅದರ ಬಗ್ಗೆಯೇ ಯಾರೂ ಮಾತಾಡುವುದಿಲ್ಲ. ಶಿವಮೊಗ್ಗದಲ್ಲಿ ನನಗೆ ಪರಿಚಯದ ಒಬ್ಬ ಹುಡುಗಿ ಇದ್ದಾಳೆ, ಹುಟ್ಟಿನಿಂದ ಕಣ್ಣು ಕಾಣದವಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಭೂಗೋಳದ ಪಾಠದ ವಿಡಿಯೋದಲ್ಲಿ ಮೇಷ್ಟರು ನಕ್ಷೆಯ ಮೇಲೆ ಕೋಲಾಡಿಸುತ್ತ ‘ತುಂಗೆ ಇಲ್ಲಿ ಹುಟ್ಟುತ್ತೆ, ಭದ್ರೆನೂ ಇಲ್ಲೇ, ಹೀಗೆ ಬಂದು ಇಲ್ಲಿ ಸೇರುತ್ವೆ’ ಎಂದರಂತೆ. ಎರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಸೇರುತ್ತವೆ ಎಂದು ಅವಳಿಗೆ ಹೇಗೂ ಗೊತ್ತಿತ್ತು, ಕೂಡ್ಲಿ ಅವಳ ಮನೆಯಿಂದ ದೂರವೇನಲ್ಲ. ‘ಸರ್, ಇದು ನಮ್ಮೂರ ಹೊಳೆ, ಅದಕ್ಕೆ ಗೊತ್ತಾಯ್ತು. ಕೃಷ್ಣೆಯ ಉಪನದಿಗಳಿಗೆ ಎಂಥ ಮಾಡ್ಲಿ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆಷಾಢದಲ್ಲಿ ಇಲ್ಲಿ ಮಳೆ ಹಿಡಿದರೆ ಶಾಲೆಗಳಿಗೆ ರಜೆ ಕೊಡುತ್ತಾರೆ. ಟೀವಿಯವರು ‘ಈ ತಾಲ್ಲೂಕುಗಳ ಶಾಲೆಗಳಿಗೆ ನಾಳೆ ರಜೆ’ ಎಂದು ಹೇಳಿ ಪಟ್ಟಿಯನ್ನು ಪರದೆಯ ಮೇಲೆ ಓಡಿಸುತ್ತಾರೆ. ಹೊಸನಗರ ಇದೆಯೋ, ಸಾಗರ ಇದೆಯೋ ಕೇಳಿಸುವುದಿಲ್ಲ. ‘ಹೆಚ್ಚಿನ ಮಾಹಿತಿಗೆ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸರ್ಕಾರಿ ವಿಡಿಯೋದಲ್ಲಿ ಸಂಖ್ಯೆ ಬರಹದಲ್ಲಷ್ಟೇ ಇರುತ್ತದೆ, ಹಿಂದೆ ಕೊಳಲಿನ ದನಿ. ಸರ್ಕಾರಿ ಜಾಲತಾಣಗಳಿಗೆಂದು 2023ರಲ್ಲಿ ಪರಿಷ್ಕರಿಸಿದ ಭಾರತ ಸರ್ಕಾರದ ಮಾರ್ಗಸೂಚಿ ನಿಂತಿರುವುದು ಜಾಲತಾಣಗಳು ವಿಕಲಚೇತನರಿಗೂ ಬಳಸಲು ಬರುವಂತಿರಬೇಕೆನ್ನುವ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ಹಂತದ ಮೇಲೆ. ಮೊದಲೇ ಚಿತ್ರೀಕರಿಸಿದ ವಿಡಿಯೋಗೆ ಧ್ವನಿ ವಿವರಣೆ ಇರಬೇಕು ಎಂದು ಆ ಹಂತ ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿ ಇಲ್ಲಿ ಹೊಸ ನಿಯಮಕ್ಕಾಗಿ ಕಾಯಬೇಕಾಗಿಲ್ಲ, ಇರುವುದನ್ನು ಓದಿ ಪಾಲಿಸಿದರಾಯಿತು.

ಕಥೆ, ನಾಟಕ, ಸಿನಿಮಾಗಳಿಗೆ ಬಂದರೆ ಮಾತು ಬೇರೆ. ಅಲ್ಲಿ ಪಾತ್ರ ತಾನು ಮಾಡುತ್ತಿರುವುದನ್ನು ತಾನೇ ಹೇಳಿಕೊಳ್ಳಲಾರದು. ಅಲ್ಲಿ ವಿವರಣೆಗೆ ಒಬ್ಬ ಬರಹಗಾರ ಬೇಕು, ಒಂದು ದನಿ ಬೇಕು. ಕನ್ನಡದಲ್ಲಿ ಈ ಮಾತೆತ್ತಿದೊಡನೆ ಎಲ್ಲರೂ ನೆನೆಯುವುದು ಧೃತರಾಷ್ಟ್ರನಿಗೆ ಯುದ್ಧ ಹೇಳಿದ ಸಂಜಯನನ್ನು. ಆ ಹೋಲಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ ನನಗೆ. ಧೃತರಾಷ್ಟ್ರನಿಗೆ ಕುರುಕ್ಷೇತ್ರ ಕೇಳಿಸುತ್ತಿರಲಿಲ್ಲ. ಇದ್ದದ್ದು ಸಂಜಯನ ದನಿ ಒಂದೇ, ಆತ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದಿತ್ತು. ದೊಡ್ಡಪ್ಪನಿಗೆ ಎಲ್ಲ ಕೇಳಿಸುತ್ತಿದೆ. ಬಾಗಿಲು ಕಿರುಗುಟ್ಟಿದ್ದು, ಲೋಟ ಬಿದ್ದದ್ದು, ಬಿಕ್ಕಿದ್ದು. ವಿವರಣೆ ಮಾಡುವವರು ಆ ಸದ್ದುಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು, ಅವುಗಳನ್ನು ತುಳಿಯಬಾರದು.

ಇದಕ್ಕೆ ಹತ್ತಿರದ ಮಾದರಿ ನಮ್ಮ ಪಕ್ಕದಲ್ಲೇ ಇದೆ. ಶಿವಮೊಗ್ಗದಿಂದ ತುಂಗೆಯ ದಂಡೆಗುಂಟ ಸ್ವಲ್ಪ ಹೋದರೆ ಮತ್ತೂರು, ಹೊಸಹಳ್ಳಿ ಅವಳಿ ಊರುಗಳು. ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾಚನ ನಿಂತಾಗ ವ್ಯಾಖ್ಯಾನ ಎದ್ದುಕೊಳ್ಳುತ್ತದೆ, ವಾಚಕರು ಉಸಿರು ತೆಗೆದುಕೊಂಡೊಡನೆ ಹಿಂದೆ ಸರಿಯುತ್ತದೆ. ಒಳ್ಳೆಯ ವ್ಯಾಖ್ಯಾನಕಾರರಿಗೆ ಎಲ್ಲಿ ಸುಮ್ಮನಿರಬೇಕೆಂದು ಗೊತ್ತಿರುತ್ತದೆ. ತಾಳಮದ್ದಲೆಯಂತೂ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ರಣರಂಗ ಕಟ್ಟುವ ಕಲೆ. ದೊಡ್ಡಪ್ಪ ಯಾರ ಸಹಾಯವೂ ಇಲ್ಲದೆ ಬೆಳಗಿನ ತನಕ ಕೂತು ಕೇಳುವ ಒಂದೇ ರಂಗಕಲೆ ಅದು. ಆಕಾಶವಾಣಿಯಲ್ಲಿ ಮೈಸೂರು ದಸರೆಯ ಜಂಬೂಸವಾರಿಯ ವೀಕ್ಷಕ ವಿವರಣೆ ಕೇಳಿ ಬೆಳೆದವರು ನಾವು. ಅಂಬಾರಿ ಎಲ್ಲಿಗೆ ಬಂತು, ಆನೆ ಹೇಗೆ ಹೆಜ್ಜೆ ಹಾಕುತ್ತಿದೆ ಎಂಬುದನ್ನು ಇಡೀ ರಾಜ್ಯ ಕಿವಿಯಲ್ಲೇ ಕಂಡಿದೆ. ಹೊರಗಿನಿಂದ ತಂದು ನೆಡಬೇಕಾದ ಸಸಿ ಇದಲ್ಲ.

ಆದರೂ ಬರೆಯಲು ಕೂತರೆ ಕೈ ತಡವರಿಸುತ್ತದೆ. ನಾನೇ ಕೂತು ಬರೆದು ನೋಡಿದೆ. ದೃಶ್ಯ ಹೀಗಿದೆ ಅಂದುಕೊಳ್ಳಿ: ಜಡಿಮಳೆ, ಹಳೆಯ ಮನೆ, ಮಗ ಮನೆ ಬಿಟ್ಟು ಹೊರಟಿದ್ದಾನೆ, ಮಾತಿಲ್ಲ. ಮೊದಲು ಬಂದ ವಾಕ್ಯ: ‘ಮಗನು ದುಃಖಿತನಾಗಿ ಮನೆಯಿಂದ ನಿರ್ಗಮಿಸುತ್ತಿರುವುದನ್ನು ತಾಯಿಯು ಅಸಹಾಯಕತೆಯಿಂದ ವೀಕ್ಷಿಸುತ್ತಿದ್ದಾಳೆ.’ ದೊಡ್ಡಪ್ಪನಿಗೆ ಓದಿ ಹೇಳಿದೆ. ‘ಇದು ಪೇಪರಿನ ಸುದ್ದಿ ಹಾಗಿದೆ ಮಾರಾಯ’ ಎಂದರು. ತಿದ್ದಿದ್ದು ಹೀಗೆ: ‘ಮಗ ಚೀಲ ಹೆಗಲಿಗೇರಿಸಿ ಅಂಗಳಕ್ಕಿಳಿದ. ಕೊಡೆ ಇಲ್ಲ. ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ.’ ಆಮೇಲೆ ಆರು ಸೆಕೆಂಡು ಏನೂ ಇಲ್ಲ, ಹಂಚಿನ ಮೇಲೆ ಮಳೆ ಮಾತ್ರ. ದುಃಖ, ಅಸಹಾಯಕತೆ ಎಂಬ ಪದಗಳು ಹೋದವು. ಕೊಡೆಯಿಲ್ಲದಿರುವುದೂ ಚೌಕಟ್ಟು ಹಿಡಿದ ಕೈಯೂ ಅವನ್ನು ಹೇಳುತ್ತವೆ. ಕಣ್ಣಿದ್ದವರಿಗೂ ಪರದೆಯಲ್ಲಿ ಸಿಗುವುದು ಅಷ್ಟೇ. ಉಳಿದದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ, ಆ ಹಕ್ಕು ಕೇಳುಗರಿಗೂ ಇರಬೇಕು.

ನಾಲ್ಕು ಸೆಕೆಂಡಿನ ಬಿಡುವಿನಲ್ಲಿ ನಾನು ಸಾವಕಾಶವಾಗಿ ಓದಿದರೆ ಏಳೆಂಟು ಪದ ಹಿಡಿಸುತ್ತದೆ. ನಮ್ಮ ಪದಗಳು ಉದ್ದ. ಆದರೆ ಕನ್ನಡದ ಕ್ರಿಯಾಪದ ಇಲ್ಲಿ ನೆರವಿಗೆ ಬರುತ್ತದೆ. ‘ಎದ್ದಳು’ ಎಂದರೆ ಎದ್ದದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ, ‘ಳು’ ಹೇಳಿಬಿಟ್ಟಿದೆ. ‘ದುರುಗುಟ್ಟಿದ’ ಎಂಬ ಒಂದು ಪದದಲ್ಲಿ ಕಣ್ಣೂ ಇದೆ, ಸಿಟ್ಟೂ ಇದೆ. ಪಿಳಿಪಿಳಿ, ಮಿಣಮಿಣ, ಗಬಕ್ಕನೆ, ಸರಸರ, ಇಂಥ ಅನುಕರಣ ಪದಗಳು ಒಂದು ವಾಕ್ಯದ ಕೆಲಸ ಮಾಡುತ್ತವೆ. ಆದರೆ ಇದೇ ಕ್ರಿಯಾಪದ ಒಂದು ಕಡೆ ಕೈಕೊಡುತ್ತದೆ. ಮಳೆಯ ದೃಶ್ಯದ ಕೊನೆಗೆ ‘ತಿರುಗಿ ನೋಡಲಿಲ್ಲ’ ಎಂದು ಬರೆದಿದ್ದೆ. ಯಾರು? ‘ಇಲ್ಲ’ ಬಂದೊಡನೆ ಗಂಡು ಹೆಣ್ಣಿನ ಗುರುತು ಅಳಿಸಿಹೋಗುತ್ತದೆ. ದೊಡ್ಡಪ್ಪ ತಾಯಿಯೇ ಒಳಗೆ ತಿರುಗಿಬಿಟ್ಟಳು ಅಂದುಕೊಂಡಿದ್ದರು. ‘ಅವನು’ ಎಂದು ಸೇರಿಸಿದೆ.

ಇದಕ್ಕಿಂತ ಕಷ್ಟದ್ದು ‘ಅವರು’. ಒಬ್ಬ ಮುದುಕ ಒಳಗೆ ಬರುತ್ತಾನೆ ಎನ್ನೋಣ. ‘ಬಂದ’ ಎಂದರೆ ನಮ್ಮ ಕಿವಿಗೆ ಒರಟು, ‘ಬಂದರು’ ಎಂದರೆ ಒಬ್ಬರೋ ನಾಲ್ವರೋ ತಿಳಿಯುವುದಿಲ್ಲ. ಈ ತೊಡಕಿನ ಕೆಳಗೆ ಇನ್ನೂ ಆಳದ ಒಂದು ತೊಡಕಿದೆ. ಜಗಲಿಯ ಮೇಲೆ ಕೂತ ತೋಟದ ಧಣಿಗೆ ನಮ್ಮ ಪೆನ್ನು ತಾನಾಗಿ ‘ಕೂತರು’ ಎಂದು ಬರೆಯುತ್ತದೆ. ಅಡಿಕೆ ಕೊನೆ ಇಳಿಸುವ, ಅದೇ ವಯಸ್ಸಿನ ಕೊನೆಗಾರ ಅಂಗಳದಲ್ಲಿ ‘ಕೂತ’. ಮನೆಯೊಡತಿ ‘ಅವರು’, ಪಾತ್ರೆ ತಿಕ್ಕುವವಳು ‘ಅವಳು’. ಕ್ಯಾಮೆರಾ ಇಬ್ಬರನ್ನೂ ಒಂದೇ ಎತ್ತರದಲ್ಲಿ ತೋರಿಸಿರಬಹುದು. ಕಣ್ಣಿದ್ದ ಪ್ರೇಕ್ಷಕರಿಗೆ ಕಾಣದ ಒಂದು ತರತಮವನ್ನು ವಿವರಣೆಯ ದನಿ ಕಣ್ಣು ಕಾಣದವರ ಕಿವಿಗೆ ಸುರಿಯುತ್ತದೆ. ಕನ್ನಡದಲ್ಲಿ ಧ್ವನಿ ವಿವರಣೆ ಬರೆಯುವವರು ಮೊದಲ ದಿನವೇ ಕೂತು ತೀರ್ಮಾನಿಸಬೇಕಾದದ್ದು ಇದು. ಇಂಗ್ಲಿಷಿನ ಕೈಪಿಡಿಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಅವರಿಗೆ ಈ ಪ್ರಶ್ನೆಯೇ ಇಲ್ಲ. ನನ್ನ ಮಟ್ಟಿಗೆ, ಪಾತ್ರದ ಹೆಸರು ಗೊತ್ತಾದ ಮೇಲೆ ಎಲ್ಲರಿಗೂ ಹೆಸರು ಮತ್ತು ಏಕವಚನ, ಯಾರನ್ನೂ ಏರಿಸದೆ ಇಳಿಸದೆ. ಒಪ್ಪದವರು ಇರುತ್ತಾರೆ, ಚರ್ಚೆ ಆಗಲಿ.

ಬಣ್ಣವನ್ನು ಹೇಳಬೇಕೋ ಬೇಡವೋ ಎಂಬುದು ಇನ್ನೊಂದು. ಹುಟ್ಟಿನಿಂದ ಕಾಣದವರಿಗೆ ಬಣ್ಣ ಹೇಳಿ ಏನು ಪ್ರಯೋಜನ ಎಂದು ಕಣ್ಣಿದ್ದವರು ಕೇಳುವುದನ್ನು ಕೇಳಿದ್ದೇನೆ. ಶಿವಮೊಗ್ಗದ ಆ ಹುಡುಗಿ ಇದಕ್ಕೆ ಖಡಾಖಂಡಿತವಾಗಿ ಹೇಳಿದಳು: ‘ಬಣ್ಣ ಬಿಡಬೇಡಿ. ನಾಳೆ ಕಾಲೇಜಲ್ಲಿ ನನ್ನ ಗೆಳತಿಯರು ಹೀರೋಯಿನ್ ಸೀರೆ ಬಗ್ಗೆನೇ ಮಾತಾಡ್ತಾರೆ. ನಾನು ಸುಮ್ನೆ ಕೂತಿರ್ಬೇಕಾ?’ ಹುಬ್ಬು ಗಂಟಿಕ್ಕುವುದು, ಮುಖ ಕೆಂಪೇರುವುದು, ತುಟಿ ಕಚ್ಚುವುದು, ಇವೆಲ್ಲ ಭಾಷೆಯ ಮೂಲಕ ಅವಳಿಗೂ ಬಂದಿವೆ. ಆಕೆ ಮೊಬೈಲಿನ ಪರದೆ ಓದುವ ದನಿಯನ್ನು ನನಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಕೇಳುತ್ತಾಳೆ, ಹಾಗಾಗಿ ಅವಳಿಗೆ ವಿವರ ಹೆಚ್ಚು ಬೇಕು. ಅರವತ್ತು ವರ್ಷ ಕಂಡು ಬಾಳಿದ ದೊಡ್ಡಪ್ಪನಿಗೆ ಸುಳಿವು ಕೊಟ್ಟರೆ ಸಾಕು. ಇಬ್ಬರಿಗೂ ಒಂದೇ ಅಳತೆಯ ಅಂಗಿ ಹೊಲಿಯಲಾಗದು.

ತಲುಪಿಸುವ ದಾರಿಗಳು ಈಗ ಹಿಂದಿನಷ್ಟು ಕಷ್ಟದವಲ್ಲ. ಮೂಲ ಧ್ವನಿಯನ್ನು ವಿವರಣೆ ಬರುವ ಜಾಗದಲ್ಲಿ ಸ್ವಲ್ಪ ತಗ್ಗಿಸಿ, ವಿವರಣೆ ಮುಗಿದೊಡನೆ ಮೇಲೆತ್ತಿ ಇನ್ನೊಂದು ಧ್ವನಿಕಡತ ಮಾಡಿಕೊಳ್ಳಬೇಕು. ಮೊಬೈಲಿನಲ್ಲೇ ಆಗುವ ಕೆಲಸ. ಯೂಟ್ಯೂಬಿನಲ್ಲಿ ಹಲವು ಚಾನೆಲ್‌ಗಳಿಗೆ ಒಂದೇ ವಿಡಿಯೋಗೆ ಎರಡನೆಯ ಧ್ವನಿಪಥ ಸೇರಿಸುವ ಸೌಲಭ್ಯ ಇದೆ. ಇಲ್ಲದವರು ವಿವರಣೆ ಇರುವ ಪ್ರತಿಯನ್ನು ಬೇರೆ ವಿಡಿಯೋವಾಗಿ ಹಾಕಿ ಮೂಲದ ಕೆಳಗೆ ಕೊಂಡಿ ಕೊಡಬಹುದು. ಬೇರೆಯವರ ವಿಡಿಯೋಗೆ ವಿವರಣೆ ಸೇರಿಸಲು ‘ಯೂಡಿಸ್ಕ್ರೈಬ್’ ಎಂಬ ಉಚಿತ ತಾಣವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸ್ಮಿತ್-ಕೆಟಲ್‌ವೆಲ್ ನೇತ್ರ ಸಂಶೋಧನಾ ಸಂಸ್ಥೆ 2013ರಲ್ಲಿ ಆರಂಭಿಸಿದ್ದು. ಯೂಟ್ಯೂಬ್ ವಿಡಿಯೋ ತನ್ನ ಜಾಗದಲ್ಲೇ ಇರುತ್ತದೆ, ಸ್ವಯಂಸೇವಕರ ದನಿ ಮಾತ್ರ ಸರಿಯಾದ ಸೆಕೆಂಡಿಗೆ ಸೇರಿಕೊಳ್ಳುತ್ತದೆ. ಬಿಡುವು ಸಾಲದಿದ್ದರೆ ವಿಡಿಯೋವನ್ನೇ ನಿಲ್ಲಿಸಿ, ವಿವರಣೆ ಹೇಳಿ, ಮತ್ತೆ ಓಡಿಸುವ ವ್ಯವಸ್ಥೆಯೂ ಇದೆ. ಪಾಠದ ವಿಡಿಯೋಗೆ ಅದು ಹೇಳಿ ಮಾಡಿಸಿದ್ದು. ಕೃತಿಸ್ವಾಮ್ಯದ ಭಯವಿದ್ದವರು ನೆನಪಿಡಬೇಕು: 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅಂಗವಿಕಲರ ಬಳಕೆಗಾಗಿ, ಲಾಭದ ಉದ್ದೇಶವಿಲ್ಲದೆ, ಯಾವುದೇ ಕೃತಿಯನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ.

ಚಿತ್ರಮಂದಿರಕ್ಕಾದರೆ ಮೊಬೈಲು ಆ್ಯಪುಗಳಿವೆ. ಫೋನಿನ ಮೈಕು ಚಿತ್ರದ ಸದ್ದು ಕೇಳಿ ಎಲ್ಲಿಗೆ ಬಂದಿದೆ ಎಂದು ಗುರುತಿಸುತ್ತದೆ, ವಿವರಣೆ ಇಯರ್‌ಫೋನಿನಲ್ಲಿ ಬರುತ್ತದೆ. ಇಯರ್‌ಫೋನಿನ ಬಗ್ಗೆ ದೊಡ್ಡಪ್ಪನಿಗೆ ಒಂದು ತಕರಾರಿದೆ. ‘ಕಿವಿಗೆ ಬೆಣೆ ಹೊಡ್ಕೊಂಡು ಕೂತ್ರೆ ನಿಮ್ಮ ದೊಡ್ಡಮ್ಮ ಅಯ್ಯೋ ಅಂದಿದ್ದು ಕೇಳೋದಿಲ್ಲ.’ ಒಂದೇ ಕಿವಿಗೆ ಹಾಕಿಕೊಳ್ಳುವುದು, ಅಥವಾ ವಾರದಲ್ಲಿ ಎರಡು ದಿನ ಮನೆಮಂದಿಯೆಲ್ಲ ವಿವರಣೆಯ ಜೊತೆಗೇ ನೋಡುವುದು, ಹೀಗೆ ಪ್ರತಿ ಮನೆ ತನ್ನ ದಾರಿ ಹುಡುಕಿಕೊಳ್ಳಬೇಕಾಗುತ್ತದೆ.

ಯಂತ್ರವೇ ನೋಡಿ ಹೇಳುವ ಕಾಲ ಬಂದಿದೆ, ಇನ್ನು ಮನುಷ್ಯರು ಯಾಕೆ ಎಂದು ಕೇಳುವವರಿದ್ದಾರೆ. ಒಂದು ಫೋಟೋ ತೋರಿಸಿದರೆ ಕನ್ನಡದಲ್ಲಿ ವರ್ಣಿಸುವ ಆ್ಯಪನ್ನು ನಾನೂ ಬಳಸುತ್ತೇನೆ. ಔಷಧಿಯ ಡಬ್ಬಿ ಓದಿಸಿಕೊಳ್ಳಲು ದೊಡ್ಡಪ್ಪನಿಗೆ ಅದು ವರದಾನ. ಆದರೆ ನಮ್ಮ ತೋಟದ ವಿಡಿಯೋ ಕೊಟ್ಟಾಗ ಅದು ತೆಂಗಿನ ತೋಟ ಎಂದಿತು. ಕಂಬಳಿ ಕೊಪ್ಪೆ ಹೊದ್ದು ಗದ್ದೆಯಲ್ಲಿ ಬಗ್ಗಿದ ಹೆಂಗಸನ್ನು ‘ಕಪ್ಪು ಬಟ್ಟೆ ಧರಿಸಿದ ವ್ಯಕ್ತಿ’ ಎಂದಿತು. ತಪ್ಪು ತಿದ್ದಬಹುದು, ಮುಂದೆ ಕಲಿತೀತು. ಎಲ್ಲವನ್ನೂ ಹೇಳುವ ಅದರ ಚಪಲ ನನಗೆ ಹೆಚ್ಚು ಚಿಂತೆಯ ವಿಷಯ. ಗೋಡೆಯ ಬಣ್ಣ, ಹಿಂದಿನ ಕ್ಯಾಲೆಂಡರು, ಮೇಜಿನ ಮೇಲಿನ ಲೋಟ, ಕಥೆಗೆ ಯಾವುದು ಬೇಕೆಂದು ಅದಕ್ಕೆ ಗೊತ್ತಿಲ್ಲ. ಯಂತ್ರದ ಕರಡನ್ನು ಮನುಷ್ಯರು ಕೆತ್ತಿ ತೆಗೆಯುವ ಕ್ರಮ ಪಾಠ, ಪ್ರಕಟಣೆಗಳಿಗೆ ಸಾಕು. ನಾಟಕಕ್ಕೆ, ಸಿನಿಮಾಗೆ ಮನುಷ್ಯರ ದನಿಯೇ ಇರಲಿ.

ಯಕ್ಷಗಾನದ ವಿಡಿಯೋಗೆ ವಿವರಣೆ ಮಾಡಲು ಹೋಗಿ ನಾವೊಮ್ಮೆ ಎಡವಿದೆವು. ಒಡ್ಡೋಲಗದಲ್ಲಿ, ಅಂದರೆ ವೇಷಗಳು ಮೊದಲು ರಂಗಕ್ಕೆ ಬರುವಾಗ, ಮಾತಿಲ್ಲವಲ್ಲ, ಅಲ್ಲಿ ವೇಷದ ವರ್ಣನೆ ತುಂಬಿಸಬಹುದು ಎಂದುಕೊಂಡೆವು. ದೊಡ್ಡಪ್ಪ ಅರ್ಧಕ್ಕೇ ನಿಲ್ಲಿಸಿದರು. ಚೆಂಡೆಯ ಪೆಟ್ಟು ಕೇಳಿದರೆ ಬರುತ್ತಿರುವುದು ರಾಜವೇಷವೋ ಬಣ್ಣದ ವೇಷವೋ ಅವರಿಗೆ ತಿಳಿಯುತ್ತದೆ, ನಮ್ಮ ಮಾತು ಅದನ್ನೇ ಮುಚ್ಚಿಬಿಟ್ಟಿತ್ತು. ವೇಷದ ವಿವರವನ್ನು ಪ್ರಸಂಗ ಶುರುವಾಗುವ ಮೊದಲೇ ಐದು ನಿಮಿಷ ಹೇಳಿಬಿಡಬೇಕಿತ್ತು. ಹೊರದೇಶದ ರಂಗಮಂದಿರಗಳಲ್ಲಿ ನಾಟಕಕ್ಕೆ ಮುಂಚೆ ಕಣ್ಣು ಕಾಣದವರನ್ನು ವೇದಿಕೆಗೆ ಕರೆದೊಯ್ದು ಕಿರೀಟ, ಕತ್ತಿ, ಕುರ್ಚಿಗಳನ್ನು ಮುಟ್ಟಿಸುತ್ತಾರೆ. ನಮ್ಮ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಒಬ್ಬ ಹುಡುಗ ಕೇದಿಗೆ ಮುಂದಲೆ ಎಂಬ ಶಿರೋಭೂಷಣವನ್ನು ಬೆರಳಿನಿಂದ ಸವರಿ ನೋಡಿದರೆ, ನೂರು ವಾಕ್ಯ ಹೇಳಲಾರದ್ದು ಅವನಿಗೆ ಸಿಕ್ಕಿರುತ್ತದೆ.

ಈ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಜನರಿದ್ದಾರೆ. ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ಎಂಬ ರಂಗಸಂಸ್ಥೆ ಇದೆ. ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿ ಮಾತಾಡಿಸಿದ ಊರು ಅದು, ಅಲ್ಲಿ ಕಲಿತು ಬಂದ ನಟರ ದನಿ ನಾಡಿನ ತುಂಬ ಇದೆ. ಭದ್ರಾವತಿಯ ಆಕಾಶವಾಣಿಯಲ್ಲಿ ಕಿವಿಗಾಗಿ ಬರೆಯುವ ಕಸುಬು ಗೊತ್ತಿದ್ದವರಿದ್ದಾರೆ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಹುಡುಗರಿದ್ದಾರೆ. ಒಂದು ಸೆಮಿಸ್ಟರಿನಲ್ಲಿ ಒಬ್ಬೊಬ್ಬರು ಹತ್ತು ನಿಮಿಷದ ಒಂದು ಕನ್ನಡ ವಿಡಿಯೋಗೆ ವಿವರಣೆ ಬರೆದರೂ ರಾಶಿಯಾಗುತ್ತದೆ. ಆದರೆ ಬರೆದದ್ದನ್ನು ಪರೀಕ್ಷಿಸುವವರು ಕಣ್ಣು ಕಾಣದವರೇ ಆಗಿರಬೇಕು, ಅದಕ್ಕೆ ಅವರಿಗೆ ಸಂಬಳವೂ ಸಿಗಬೇಕು. ಎಲ್ಲಿ ಮಾತು ಹೆಚ್ಚಾಯಿತು, ಎಲ್ಲಿ ಸಾಲದು ಎಂದು ಹೇಳಬಲ್ಲ ಕಿವಿ ಅವರದು. ಅದನ್ನು ಪುಕ್ಕಟೆ ಅಭಿಪ್ರಾಯವೆಂದು ಪಡೆದು ಥ್ಯಾಂಕ್ಸ್ ಹೇಳಿ ಕಳಿಸುವುದು ಅನ್ಯಾಯ.

ಕಳೆದ ಮಳೆಗಾಲದಲ್ಲಿ ಜೋಗದ ಒಂದು ವಿಡಿಯೋ ಸಿಕ್ಕಿತು, ಮೂರು ನಿಮಿಷದ್ದು, ಮಾತೇ ಇಲ್ಲ. ನಾನೂ ಪುಟ್ಟಿಯೂ ಕೂತು ವಿವರಣೆ ಬರೆದು ಅವಳ ದನಿಯಲ್ಲೇ ಮುದ್ರಿಸಿದೆವು. ಶರಾವತಿ, 253 ಮೀಟರ್ ಎತ್ತರ, ರಾಜ, ರಾಣಿ, ರೋರರ್, ರಾಕೆಟ್, ಮಂಜು, ಕಾಮನಬಿಲ್ಲು, ಯಾವುದನ್ನೂ ಬಿಡಲಿಲ್ಲ. ದೊಡ್ಡಪ್ಪ ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಪುಟ್ಟಿಯ ತಲೆ ಸವರಿ ಹೇಳಿದರು:

‘ಚೆನ್ನಾಗಿ ಹೇಳಿದ್ದೀಯೇ. ಎತ್ತರ ಗಿತ್ತರ ಬೇಡ, ನಾನು ಆ ಬಂಡೆ ಮೇಲೆ ನಿಂತು ನೋಡಿದವ. ಈ ವರ್ಷ ರಾಣಿಗೆ ನೀರು ಎಷ್ಟಿದೆ, ಮಂಜು ಸರಿದದ್ದು ಯಾವಾಗ, ಅಷ್ಟು ಹೇಳು. ಉಳಿದ ಹೊತ್ತು ನೀರಿನ ಸದ್ದು ಬಿಡು.’

ಪುಟ್ಟಿ ಆ ರಾತ್ರಿಯೇ ಎರಡನೆಯ ಸಲ ಮುದ್ರಿಸಿದಳು. ಮೂರು ನಿಮಿಷಕ್ಕೆ ನಾಲ್ಕೇ ವಾಕ್ಯ.